ಮೊಳೆ ಹೊಡೆದರೆ ಡಬ್ಬ ಹಾಡುವುದಿಲ್ಲ

ಪ್ರಶ್ನೆ: ಹಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕಳೆದ ವರ್ಷದ ವಾರ್ಷಿಕೋತ್ಸವಕ್ಕೆ ಮಕ್ಕಳು ಹಳೆ ಪೈಪು, ಡಬ್ಬ, ತಟ್ಟೆಗಳನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಿ ವಾದ್ಯ ಮಾಡಿದ್ದರು. ನೋಡಲು ಚೆನ್ನಾಗಿತ್ತು. ಬಡಿದರೆ ಮಾತ್ರ ಎಲ್ಲದರಿಂದಲೂ ಒಂದೇ ‘ಟಕ್ ಟಕ್’. ನಮ್ಮಲ್ಲಿ ಸಂಗೀತದ ಮೇಷ್ಟ್ರಿಲ್ಲ, ಹಾರ್ಮೋನಿಯಂ ಇಲ್ಲ. ಗಂಟೆ ಅಂತ ನೇತು ಹಾಕಿದ ರೈಲು ಹಳಿಯ ತುಂಡೇ ಶಾಲೆಯಲ್ಲಿರುವ ಒಂದೇ ವಾದ್ಯ! ಸಾವಿರ ರೂಪಾಯಿಯೊಳಗೆ, ಊರಲ್ಲಿ ಸಿಗುವ ಸಾಮಾನಿನಲ್ಲೇ, ನಿಜವಾಗಿ ಸ್ವರ ಬರುವ ವಾದ್ಯ ಮಾಡಬಹುದೇ? ಇನ್ನೊಂದು, ‘ಸೌಂಡ್ ಆರ್ಟ್’ ಅನ್ನುತ್ತಾರಲ್ಲ, ಅದಕ್ಕೂ ಗದ್ದಲಕ್ಕೂ ಏನು ವ್ಯತ್ಯಾಸ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಹಲಗೆಗೆ ಮೊಳೆ ಹೊಡೆದು ಕೂರಿಸಿದೆವು ಅಂದಿರಿ. ಕೆಟ್ಟಿದ್ದು ಅಲ್ಲೇ. ಸಾಮಾನಿನಲ್ಲಿ ಏನೂ ತಪ್ಪಿರಲಿಲ್ಲ.

ನಿಮ್ಮ ಶಾಲೆಯ ಹಳಿ ತುಂಡನ್ನೇ ನೋಡಿ. ಅದನ್ನು ತಂತಿಯಲ್ಲಿ ನೇತು ಹಾಕಿದ್ದಾರೆ. ಬೋಲ್ಟಿನಿಂದ ಒಂದೇಟು ಕೊಟ್ಟರೆ ಊರಾಚೆಯವರೆಗೂ ಕೇಳುತ್ತದೆ. ಅದೇ ಹಳಿಯನ್ನು ಕೆಳಗಿಳಿಸಿ, ಮರಳಿನ ಮೇಲೆ ಮಲಗಿಸಿ ಬಡಿದು ನೋಡಿ. ‘ಠಕ್’ ಅಂದು ಸುಮ್ಮನಾಗುತ್ತದೆ. ಕಬ್ಬಿಣ ಅದೇ, ಬೋಲ್ಟೂ ಅದೇ. ಬದಲಾಗಿದ್ದು ಅದನ್ನು ಹಿಡಿದ ಬಗೆ ಮಾತ್ರ. ಇಷ್ಟು ವರ್ಷ ಗುಜರಿ ಸಾಮಾನಿನಲ್ಲಿ ವಾದ್ಯ ಮಾಡಿ ಮಕ್ಕಳಿಗೆ ಹೇಳಿಕೊಟ್ಟ ಮೇಲೆ ನಾನು ಮೊದಲು ಹೇಳುವುದು ಇದನ್ನೇ. ಎಲ್ಲಿ ಬಡಿಯಬೇಕು ಅನ್ನುವುದು ಆಮೇಲಿನ ಮಾತು. ಎಲ್ಲಿ ಹಿಡಿಯಬೇಕು ಅನ್ನುವುದು ಮೊದಲು ಗೊತ್ತಾಗಬೇಕು.

ನಾನೂ ಶುರು ಮಾಡಿದ್ದು ನಿಮ್ಮ ಹಾಗೆಯೇ. ಬೋರ್‌ವೆಲ್ ಕೆಲಸದಲ್ಲಿ ಉಳಿದ ಕಬ್ಬಿಣದ ಪೈಪಿನ ತುಂಡುಗಳನ್ನು ತಂದು, ಅಳೆದು ಕತ್ತರಿಸಿ, ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿಯಾಗಿ ಕೂರಿಸಿದೆ. ಎರಡು ದಿನದ ಕೆಲಸ. ಬಡಿದರೆ ತೆಂಗಿನ ಸಿಪ್ಪೆ ಬಡಿದ ಹಾಗೆ. ಬೇಸರದಿಂದ ಎಲ್ಲ ಬಿಚ್ಚುವಾಗ ಒಂದು ತುಂಡು ಕೈಜಾರಿ ಸಿಮೆಂಟು ನೆಲದ ಮೇಲೆ ಬಿತ್ತು. ‘ಠಣ್ಣ್’ ಅಂತ ಎಂಥಾ ನಾದ! ಬೀಳುವಾಗ ಅದನ್ನು ಯಾರೂ ಹಿಡಿದಿರಲಿಲ್ಲ, ಅಷ್ಟೇ ಕಾರಣ.

ಪೈಪು ಅಥವಾ ಪಟ್ಟಿಯನ್ನು ಬಡಿದಾಗ ಅದು ಬಿಲ್ಲಿನ ಹಾಗೆ ಬಾಗುತ್ತದೆ. ನಡುವಿನ ಭಾಗ ಮೇಲೆ ಹೋದಾಗ ಎರಡು ತುದಿ ಕೆಳಗೆ, ನಡು ಕೆಳಗೆ ಬಂದಾಗ ತುದಿ ಮೇಲೆ. ಸೆಕೆಂಡಿಗೆ ನೂರಾರು ಸಲ ಹೀಗೆ ಆಗುತ್ತದೆ. ಈ ಆಟದಲ್ಲಿ ಎರಡು ಜಾಗ ಮಾತ್ರ ಮೇಲೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ. ಒಂದೊಂದು ತುದಿಯಿಂದ ಉದ್ದದ ನೂರಕ್ಕೆ 22.4 ಭಾಗದಲ್ಲಿ ಅವು ಇರುತ್ತವೆ. 50 ಸೆಂಟಿಮೀಟರ್ ಪೈಪಾದರೆ ತುದಿಯಿಂದ 11.2 ಸೆಂಟಿಮೀಟರ್. ಆ ಎರಡು ಜಾಗದಲ್ಲಿ ಮಾತ್ರ ಮುಟ್ಟಿದರೆ ಪೈಪಿಗೆ ತನ್ನನ್ನು ಯಾರೋ ಹಿಡಿದಿದ್ದಾರೆ ಅನ್ನುವುದೇ ಗೊತ್ತಾಗುವುದಿಲ್ಲ. ಬೇರೆಲ್ಲಿ ಮುಟ್ಟಿದರೂ ನಾದ ಸಾಯುತ್ತದೆ. ನಿಮ್ಮ ಮಕ್ಕಳು ಮೊಳೆ ಹೊಡೆದದ್ದು ಬಹುಶಃ ತುದಿಗೋ ನಡುವಿಗೋ ಇರಬೇಕು, ಅಂದರೆ ಜಾಸ್ತಿ ಕುಣಿಯುವ ಜಾಗಕ್ಕೇ.

ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಬೇಡಿ, ಕಣ್ಣಿಗೆ ತೋರಿಸಿ. ಚಪ್ಪಟೆ ಕಬ್ಬಿಣದ ಪಟ್ಟಿಯೊಂದನ್ನು ಎರಡು ಸ್ಪಂಜಿನ ಮೇಲಿಟ್ಟು, ಮೇಲೆ ಪುಡಿ ಉಪ್ಪು ಉದುರಿಸಿ. ನಡುವೆ ಮೆಲ್ಲಗೆ ತಟ್ಟುತ್ತಾ ಹೋಗಿ. ಉಪ್ಪು ಹಾರಿ ಹಾರಿ ಕೊನೆಗೆ ಎರಡು ಗೆರೆಯಾಗಿ ನಿಲ್ಲುತ್ತದೆ. ಅವೇ ಆ ಜಾಗಗಳು. ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ 1787ರಲ್ಲಿ ಇದೇ ಜಾತಿಯ ಪ್ರಯೋಗಗಳನ್ನು ಪ್ರಕಟಿಸಿದ. ತಗಡಿನ ಮೇಲೆ ಮರಳು ಹರಡಿ, ಅಂಚಿಗೆ ಪಿಟೀಲಿನ ಕಮಾನು ಎಳೆದು, ಮರಳಿನಲ್ಲಿ ರಂಗೋಲಿ ಮೂಡಿಸುತ್ತಿದ್ದ. ನೀವು ವಿಜ್ಞಾನದವರು, ನಿಮಗೆ ಈ ಪಾಠ ಖುಷಿ ಕೊಡುತ್ತದೆ.

ಈಗ ಮಾಡುವ ಕೆಲಸ. ಪರದೆ ನೇತು ಹಾಕುವ 25 ಮಿಲಿಮೀಟರ್ ದಪ್ಪದ ಸ್ಟೀಲ್ ಪೈಪು ಗುಜರಿಯಲ್ಲಿ ಸಿಗುತ್ತದೆ. 3 ಮೀಟರ್ ಉದ್ದದ್ದು ಒಂದಿದ್ದರೆ ಸಾಕು, ಆರು ಸ್ವರ ಬರುತ್ತವೆ. ಮೋಹನ ರಾಗದಿಂದ ಶುರು ಮಾಡಿ. ಐದೇ ಸ್ವರ, ಮೇಲಿನ ಸ ಸೇರಿದರೆ ಆರು. ಯಾವುದರ ಜೊತೆ ಯಾವುದನ್ನು ಬಾರಿಸಿದರೂ ಕಿವಿಗೆ ಚುಚ್ಚುವುದಿಲ್ಲ, ಕಲಿಯದ ಮಕ್ಕಳ ಕೈಗೂ ಧೈರ್ಯವಾಗಿ ಕೊಡಬಹುದು. ಸ 50 ಸೆಂಟಿಮೀಟರ್, ರಿ 47.1, ಗ 44.7, ಪ 40.8, ದ 38.7, ಮೇಲಿನ ಸ 35.4. ಅದೇ ಕ್ರಮದಲ್ಲಿ ತುದಿಯಿಂದ ಆಧಾರದ ಜಾಗ 11.2, 10.6, 10, 9.1, 8.7, 7.9 ಸೆಂಟಿಮೀಟರ್.

ಕತ್ತರಿಸುವಾಗ ಎರಡು ಮಿಲಿಮೀಟರ್ ಹೆಚ್ಚೇ ಬಿಡಿ. ಸ್ವರ ತಗ್ಗಾಗಿದ್ದರೆ ಅರದಿಂದ ಉಜ್ಜಿ ಏರಿಸಬಹುದು, ಏರಿಹೋದದ್ದನ್ನು ಇಳಿಸುವುದು ಕಷ್ಟ. ಫೋನಿನಲ್ಲಿ ಸ್ವರ ಅಳೆದು ತೋರಿಸುವ ಯಾವುದಾದರೂ ಟ್ಯೂನರ್ ಆ್ಯಪ್ ಹಾಕಿಕೊಂಡು ನೋಡುತ್ತಾ ಉಜ್ಜಿ. ಉಜ್ಜಿದಾಗ ಪೈಪು ಬಿಸಿಯಾಗುತ್ತದೆ, ಬಿಸಿಯಿದ್ದಾಗ ಸ್ವರ ಕೊಂಚ ತಗ್ಗಿರುತ್ತದೆ. ಆರಲು ಬಿಟ್ಟು ಅಳೆಯಿರಿ. ಈ ಆತುರದಲ್ಲಿ ನಾನು ಎಷ್ಟೋ ಪೈಪು ಹಾಳು ಮಾಡಿದ್ದೇನೆ.

ಆಧಾರಕ್ಕೆ ಹಳೆ ಹವಾಯಿ ಚಪ್ಪಲಿಗಿಂತ ಒಳ್ಳೆಯದು ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಅಟ್ಟೆಯನ್ನು ಬೆರಳಗಲ ಪಟ್ಟಿಗಳಾಗಿ ಕತ್ತರಿಸಿ, ಹಲಗೆಯ ಮೇಲೆ ಎರಡು ಸಾಲು ಅಂಟಿಸಿ, ಅದರ ಮೇಲೆ ಪೈಪುಗಳನ್ನು ಸುಮ್ನೆ ಮಲಗಿಸಿ. ಉದ್ದ ಕಡಿಮೆಯಾದಂತೆ ಆಧಾರದ ಜಾಗವೂ ಒಳಗೆ ಬರುವುದರಿಂದ ಎರಡು ಸಾಲೂ ಒಂದು ಕಡೆ ಹತ್ತಿರ, ಇನ್ನೊಂದು ಕಡೆ ದೂರ ಇರುತ್ತವೆ. ಪೈಪು ಉರುಳದ ಹಾಗೆ ನಡುನಡುವೆ ಮೊಳೆ ಹೊಡೆಯಿರಿ. ಮೊಳೆ ಹಲಗೆಗೆ ಇರಲಿ, ಪೈಪಿಗೆ ಬೇಡ. ಪೈಪಿಗೂ ಮೊಳೆಗೂ ನಡುವೆ ಒಂದು ನೂಲಿನಷ್ಟು ಸಡಿಲ ಇರಬೇಕು.

ಬಡಿಯುವ ಕೋಲು ಅರ್ಧ ವಾದ್ಯ ಇದ್ದ ಹಾಗೆ. ಬರೀ ಕಬ್ಬಿಣದಿಂದ ಬಡಿದರೆ ಚಿರ್ ಅನ್ನುವ ಸದ್ದು ಮುಂದೆ ಬಂದು ಸ್ವರ ಹಿಂದಾಗುತ್ತದೆ. ಬಿದಿರು ಕಡ್ಡಿಯ ತುದಿಗೆ ಸೈಕಲ್ ಟ್ಯೂಬಿನ ರಬ್ಬರನ್ನು ನಾಲ್ಕೈದು ಸುತ್ತು ಸುತ್ತಿ ಕಟ್ಟಿ. ಅಥವಾ ಮಕ್ಕಳಾಡುವ ಪುಟಿಯುವ ರಬ್ಬರ್ ಚೆಂಡಿಗೆ ತೂತು ಮಾಡಿ ಸಿಕ್ಕಿಸಿ. ಪೈಪಿನ ನಟ್ಟನಡುವೆ ಬಡಿಯಿರಿ, ಬಡಿದ ಕೂಡಲೇ ಕೋಲು ಎತ್ತಿಬಿಡಿ.

ಒಂದು ವಿಷಯ ಇಲ್ಲಿ ತಲೆ ತಿನ್ನುತ್ತದೆ, ಮೊದಲೇ ಹೇಳಿಬಿಡುತ್ತೇನೆ. ತಂತಿಯನ್ನು ಅರ್ಧ ಮಾಡಿದರೆ ಮೇಲಿನ ಸ ಬರುತ್ತದೆ, ಅಂದರೆ ಒಂದು ಸ್ಥಾಯಿ ಮೇಲೆ. ಬಡಿಯುವ ಪೈಪನ್ನು ಅರ್ಧ ಮಾಡಿದರೆ ಎರಡು ಸ್ಥಾಯಿ ಮೇಲೆ ಹೋಗುತ್ತದೆ. ಪಟ್ಟಿ ಗಿಡ್ಡವಾದಷ್ಟೂ ಬಾಗಲು ಹಟ ಮಾಡುತ್ತದೆ, ಅದಕ್ಕೆ. ಹಾಗಾಗಿ ತಂತಿವಾದ್ಯದ ಲೆಕ್ಕವನ್ನು ಇಲ್ಲಿ ಹಾಕಿದರೆ ಸ್ವರಗಳೆಲ್ಲ ಎಲ್ಲೆಲ್ಲೋ ಹೋಗುತ್ತವೆ. ಪೈಪಿನಲ್ಲಿ ಮೇಲಿನ ಸ ಬೇಕಾದರೆ ಉದ್ದವನ್ನು 0.707ರಿಂದ ಗುಣಿಸಬೇಕು.

ತಂತಿಯ ಲೆಕ್ಕ ಎಷ್ಟು ಚೆಂದ ನೋಡಿ. 90 ಸೆಂಟಿಮೀಟರ್ ತಂತಿ ಬಿಗಿದರೆ ರಿ 80ಕ್ಕೆ, ಗ 72ಕ್ಕೆ, ಪ 60ಕ್ಕೆ, ದ 54ಕ್ಕೆ, ಮೇಲಿನ ಸ 45ಕ್ಕೆ. ಒಂದೂ ಪುಡಿ ಅಂಕಿ ಇಲ್ಲ. 15 ಲೀಟರಿನ ಖಾಲಿ ಎಣ್ಣೆ ಟಿನ್ನು, ಅದರ ಮೂಲಕ ತೂರಿಸಿದ ಉದ್ದನೆ ರೀಪು, ಮೀನು ಹಿಡಿಯುವ ದಪ್ಪ ನೈಲಾನ್ ದಾರ, ಬಿಗಿಸಲು ಒಂದು ಮರದ ಗೂಟ. ಏಕತಾರಿ ಸಿದ್ಧ. ಮನೆ ಕಟ್ಟುವವರು ಕಂಬಿಗೆ ಸುತ್ತುವ ಬೈಂಡಿಂಗ್ ತಂತಿ ಬೇಡ. ಅದು ಮೆತ್ತಗಿರುತ್ತದೆ, ಬಿಗಿಸಿದಷ್ಟೂ ಎಳೆಯುತ್ತಲೇ ಹೋಗುತ್ತದೆ. ದಾರ ಟಿನ್ನಿನ ತಗಡಿಗೆ ನೇರ ತಾಗದೆ, ಒಂದು ಪುಟ್ಟ ಮರದ ಕುದುರೆಯ ಮೇಲೆ ಕೂತು ಹೋಗಬೇಕು. ಆ ಕುದುರೆಯೇ ದಾರದ ನಡುಕವನ್ನು ತಗಡಿಗೆ ದಾಟಿಸುವುದು. ಕುದುರೆಯನ್ನು ತಗಡಿನ ನಡುವೆ ಇಟ್ಟರೆ ಜೋರು, ಅಂಚಿಗೆ ಇಟ್ಟರೆ ಕ್ಷೀಣ. ಕೀಲಿ ಒತ್ತಿ ನುಡಿಸುವ ತಂತಿವಾದ್ಯ ಬುಲ್‌ಬುಲ್ ತರಂಗ ಕೇಳಿರಬಹುದು. ಜಪಾನಿನ ನಗೋಯಾದಲ್ಲಿ 1912ರಲ್ಲಿ ಗೊರೊ ಮೊರಿಟಾ ಎಂಬಾತ ಟೈಪ್‌ರೈಟರಿನ ಕೀಲಿಗಳನ್ನು ನೋಡಿ ಆ ಯೋಚನೆಯನ್ನು ತಂತಿಗೆ ತಂದ. ಅದೇ ನಮ್ಮಲ್ಲಿಗೆ ಬಂದು ಬುಲ್‌ಬುಲ್ ತರಂಗವಾಯಿತು.

ಬಾಟಲಿಗಳ ವಿಷಯಕ್ಕೆ ಬರೋಣ. ಒಂದೇ ಬಾಟಲಿಯಿಂದ ಎರಡು ತದ್ವಿರುದ್ಧ ಪಾಠ ಹೇಳಬಹುದು. ಗಾಜಿನ ಬಾಟಲಿಗೆ ಸ್ವಲ್ಪ ಸ್ವಲ್ಪ ನೀರು ಹಾಕುತ್ತಾ, ಪ್ರತಿ ಸಲ ಚಮಚದಿಂದ ತಟ್ಟಿ. ನೀರು ಏರಿದಂತೆ ಸ್ವರ ಇಳಿಯುತ್ತದೆ. ಈಗ ಅದೇ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿ. ನೀರು ಏರಿದಂತೆ ಸ್ವರವೂ ಏರುತ್ತದೆ! ಉತ್ತರ ಕೂಡಲೇ ಹೇಳಬೇಡಿ, ಮಕ್ಕಳು ಒಂದು ದಿನ ಜಗಳ ಆಡಲಿ. ತಟ್ಟಿದಾಗ ನಡುಗುವುದು ಗಾಜು, ನೀರಿನ ಭಾರ ಬಿದ್ದಷ್ಟೂ ಅದು ನಿಧಾನವಾಗುತ್ತದೆ. ಊದಿದಾಗ ನಡುಗುವುದು ಒಳಗಿನ ಗಾಳಿ, ನೀರು ಜಾಗ ತಿಂದಷ್ಟೂ ಗಾಳಿ ಕಡಿಮೆಯಾಗಿ ಚುರುಕಾಗುತ್ತದೆ.

ಜಲತರಂಗ ಮೊದಲನೆಯ ಜಾತಿ. ಪಿಂಗಾಣಿ ಬಟ್ಟಲು, ಒಂದು ಲೋಟ ನೀರು, ಎರಡು ಬಿದಿರು ಕಡ್ಡಿ. ಅಡುಗೆಮನೆಯ ಸಾಮಾನೇ ಕಛೇರಿ ವೇದಿಕೆಗೆ ಹೋಗಿದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಸೀತಾ ದೊರೈಸ್ವಾಮಿಯವರಂಥ ಕಲಾವಿದರು ಕರ್ನಾಟಕ ಸಂಗೀತವನ್ನು ಪೂರ್ತಿಯಾಗಿ ಇದರಲ್ಲೇ ನುಡಿಸಿದವರು. ನೀವು ಮಾಡುವುದಾದರೆ ತೆಳು ಅಂಚಿನ ಬಟ್ಟಲು ಹುಡುಕಿ. ಅಂಗಡಿಯಲ್ಲಿ ಒಂದೊಂದನ್ನೇ ತಟ್ಟಿ ನೋಡಿ ಕೊಳ್ಳಿ, ಅಂಗಡಿಯವನು ಮುಖ ಗಂಟು ಹಾಕಿದರೆ ಹಾಕಲಿ. ಕೂದಲೆಳೆಯಷ್ಟು ಬಿರುಕಿದ್ದರೂ ಬಟ್ಟಲು ಕೆಮ್ಮುತ್ತದೆ. ಕೆಳಗೆ ಮಡಿಸಿದ ಬಟ್ಟೆ ಹಾಸಿ. ಮತ್ತೆ ಅದೇ ಮಾತು, ಹಿಡಿತ.

ಮಡಕೆ, ಬಿಂದಿಗೆ. ಘಟವನ್ನು ತಮಿಳುನಾಡಿನ ಮಾನಾಮದುರೈ ಕುಂಬಾರರಿಂದಲೇ ತರಿಸಬೇಕಿಲ್ಲ. ಬಣ್ಣಬಣ್ಣದ ಪ್ಲಾಸ್ಟಿಕ್ ಬಿಂದಿಗೆ ನಿಮ್ಮೂರಿನ ಪ್ರತಿ ನಲ್ಲಿಯ ಮುಂದೆಯೂ ಸಾಲು ನಿಂತಿರುತ್ತದೆ, ಅಲ್ವಾ? ಒಂದನ್ನು ಖಾಲಿ ಮಾಡಿ, ಅಂಗೈಯಿಂದ ಬಾಯಿಗೆ ‘ಪಟ್’ ಎಂದು ಹೊಡೆದು ಕೈ ತೆಗೆಯಿರಿ. ‘ಗುಂ’ ಅನ್ನುವ ಆಳದ ನಾದ ಬರುತ್ತದೆ. ಬಿಂದಿಗೆ ದೊಡ್ಡದಿದ್ದಷ್ಟೂ ಆಳ ಜಾಸ್ತಿ, ಬಾಯಿ ಅಗಲವಾದಷ್ಟೂ ಸ್ವರ ಮೇಲೆ. ಬೇರೆ ಬೇರೆ ಗಾತ್ರದ ನಾಲ್ಕು ಬಿಂದಿಗೆ ಇದ್ದರೆ ನಾಲ್ಕು ಸ್ವರ. ಬೆಂಗಳೂರಿನ ಘಟ ವಿದ್ವಾಂಸೆ ಸುಕನ್ಯಾ ರಾಮಗೋಪಾಲ್ ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಜೋಡಿಸಿ ಘಟತರಂಗ ನುಡಿಸುತ್ತಾರೆ. ಮಕ್ಕಳಿಗೆ ಅವರ ಕಛೇರಿಯ ವಿಡಿಯೊ ತೋರಿಸಿ, ಬಿಂದಿಗೆ ಮೇಲಿನ ಗೌರವ ಹೆಚ್ಚಾಗುತ್ತದೆ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಗುಮಟೆಯೂ ಮಡಕೆಯೇ. ಎರಡೂ ಕಡೆ ಬಾಯಿ. ಒಂದಕ್ಕೆ ಚರ್ಮ ಬಿಗಿದಿರುತ್ತದೆ, ಇನ್ನೊಂದನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಬಾಗಿಸುತ್ತಾರೆ. ಹಿಂದೆ ಅದಕ್ಕೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಉಡ ಹಿಡಿಯುವಂತಿಲ್ಲ, ಈಗ ಆಡಿನ ಚರ್ಮ. ನಿಮಗೆ ಚರ್ಮವೇ ಬೇಡ. ತಳ ಹೋದ ಬಕೆಟ್ಟಿನ ಬಾಯಿಗೆ ಅಗಲವಾದ ಪ್ಯಾಕಿಂಗ್ ಟೇಪನ್ನು ಎಳೆದೆಳೆದು ನಕ್ಷತ್ರದ ಆಕಾರದಲ್ಲಿ ಎರಡು ಪದರ ಅಂಟಿಸಿ. ಒಳ್ಳೆ ಬಿಗಿಯಾದ ಚರ್ಮದ ಹಾಗೆ ನುಡಿಯುತ್ತದೆ.

20 ಲೀಟರಿನ ಪೇಂಟ್ ಬಕೆಟ್ಟನ್ನು ಬೋರಲು ಹಾಕಿ ಬಾರಿಸುವುದು ಎಲ್ಲರಿಗೂ ಗೊತ್ತು. ಆದರೆ ಹೆಚ್ಚಿನವರು ಅದನ್ನು ನೆಲಕ್ಕೆ ಪೂರ್ತಿ ಒತ್ತಿಬಿಡುತ್ತಾರೆ. ಒಂದು ಅಂಚಿನ ಕೆಳಗೆ ಚಪ್ಪಲಿ ಸಿಕ್ಕಿಸಿ ಎತ್ತರಿಸಿ. ಒಳಗಿನ ಗಾಳಿಗೆ ಹೊರಬರಲು ದಾರಿಯಾಗಿ ದಪ್ಪ ನಾದ ಬರುತ್ತದೆ.

ಚಪ್ಪಲಿಯ ಮಾತು ಬಂತಲ್ಲ, ಮನೆ ಕಟ್ಟುವ ಜಾಗದಲ್ಲಿ ಉಳಿದ 75 ಮಿಲಿಮೀಟರಿನ ಪಿವಿಸಿ ಪೈಪು ಸಿಕ್ಕರೆ ಬಿಡಬೇಡಿ. ಎರಡೂ ತುದಿ ತೆರೆದಿರಲಿ. ಒಂದು ತುದಿಗೆ ಚಪ್ಪಲಿಯಿಂದ ಹೊಡೆದರೆ ಹೊಟ್ಟೆ ನಡುಗುವ ಮಂದ್ರ ಸ್ವರ. 130, 115, 103, 85, 76, 63 ಸೆಂಟಿಮೀಟರ್ ತುಂಡುಗಳು ಸ ರಿ ಗ ಪ ದ ಸ ಕೊಡುತ್ತವೆ. 3 ಮೀಟರಿನ ಎರಡು ಪೈಪಿನಲ್ಲಿ ಆರೂ ಕೂರುತ್ತವೆ. ಲೆಕ್ಕ ಹಾಕಿ ನೋಡಿದರೆ ಈ ಅಂಕಿಗಳು ತಂತಿಯ ಅನುಪಾತಕ್ಕೆ ಸರಿಯಾಗಿ ಹೊಂದುವುದಿಲ್ಲ. 130ರ ಅರ್ಧ 65 ಆಗಬೇಕಿತ್ತಲ್ಲ, 63 ಯಾಕೆ ಅಂತ ಚುರುಕು ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ನಡುಗುವ ಗಾಳಿ ಪೈಪಿನ ತುದಿಗೇ ನಿಲ್ಲುವುದಿಲ್ಲ, ಎರಡೂ ಕಡೆ ಸ್ವಲ್ಪ ಹೊರಗೆ ಚಾಚಿರುತ್ತದೆ. ಈ ದಪ್ಪದ ಪೈಪಿಗೆ ಒಟ್ಟು 4 ಸೆಂಟಿಮೀಟರಿನಷ್ಟು. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ಸರಿ ಬರುತ್ತದೆ. ಹೊಡೆದ ಚಪ್ಪಲಿಯನ್ನು ಎತ್ತದೆ ಅಲ್ಲೇ ಒತ್ತಿ ಹಿಡಿದರೆ ಸ್ವರ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ, ಅದನ್ನೂ ಆಡಿ ನೋಡಿ.

ಊದುವ ವಾದ್ಯ ಹೇಳಿಕೊಡಲು ನಿಮಗಿಂತ ಮಕ್ಕಳೇ ಜಾಣರು. ತೆಂಗಿನ ಗರಿ ಸುತ್ತಿದ ಪೀಪಿ, ಪಪ್ಪಾಯಿ ದಂಟಿನ ಪೀಪಿ, ಮೊಳೆತ ಮಾವಿನ ಓಟೆಯನ್ನು ಕಲ್ಲಿಗೆ ಉಜ್ಜಿ ಊದುವುದು, ಇದೆಲ್ಲ ಅಜ್ಜಿ ಮನೆಯಲ್ಲಿ ಕಲಿತು ಬಂದಿರುತ್ತಾರೆ. ಕೇಳಿ ನೋಡಿ.

ಇಷ್ಟಾದರೂ ‘ಇದೆಲ್ಲ ಬಡವರ ಆಟ, ನಿಜವಾದ ವಾದ್ಯ ಅಲ್ಲ’ ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಬರುತ್ತದೆ. ನನಗಂತೂ ಬಹಳ ಸಲ ಬಂದಿದೆ. ಆಗ ವೆಸ್ಟ್ ಇಂಡೀಸಿನ ಟ್ರಿನಿಡಾಡಿನ ಕಥೆ ಹೇಳಿ. ಬ್ರಿಟಿಷ್ ಆಡಳಿತ 1880ರ ದಶಕದಲ್ಲಿ ಅಲ್ಲಿನ ಆಫ್ರಿಕಾ ಮೂಲದ ಜನರ ಡೋಲಿಗೆ ಕಟ್ಟುಪಾಡು ಹಾಕಿತು. ಜನ ಬಿದಿರಿನ ಬೊಂಬುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. 1930ರ ದಶಕದ ಹೊತ್ತಿಗೆ ಬಿದಿರಿನ ಜಾಗಕ್ಕೆ ಬಿಸ್ಕತ್ತು ಟಿನ್ನು, ಪೇಂಟ್ ಡಬ್ಬ, ಕಸದ ಡಬ್ಬಿಯ ಮುಚ್ಚಳ ಬಂದವು. ಬಡಿದು ಬಡಿದು ತಗ್ಗಾದ ಜಾಗದಲ್ಲಿ ಬೇರೆ ಸ್ವರ ಬರುತ್ತದೆ ಅನ್ನುವುದು ಯಾರದೋ ಕಿವಿಗೆ ಬಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ದೊಡ್ಡ ಎಣ್ಣೆ ಡ್ರಮ್ಮಿನ ತಳವನ್ನೇ ಸುತ್ತಿಗೆಯಿಂದ ಬಡಿದು, ಒಂದೇ ತಗಡಿನಲ್ಲಿ ಸ್ವರಗಳನ್ನು ಬಿಡಿಸಿಟ್ಟರು. 1951ರಲ್ಲಿ ಅಲ್ಲಿನ ತಂಡವೊಂದು ಲಂಡನ್ನಿನ ಉತ್ಸವಕ್ಕೆ ಹೋಗಿ ನುಡಿಸಿತು. ಸ್ಟೀಲ್ ಪ್ಯಾನ್ ಎಂಬ ಆ ವಾದ್ಯ ಇವತ್ತು ಜಗತ್ತಿನ ತುಂಬ ಇದೆ. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11ನ್ನು ಅದರ ದಿನವಾಗಿ ಘೋಷಿಸಿತು. ಪರಾಗ್ವೆ ದೇಶದ ಕಟೆಊರಾ ಎಂಬಲ್ಲಿ, ಕಸದ ಬೆಟ್ಟದ ಪಕ್ಕದಲ್ಲೇ ಬದುಕುವ ಮಕ್ಕಳು ಎಣ್ಣೆ ಡಬ್ಬಿಯ ಪಿಟೀಲು, ಚೆಲ್ಲೊ ಹಿಡಿದು ಹೊರದೇಶಗಳಲ್ಲಿ ಕಛೇರಿ ಮಾಡುತ್ತಾರೆ. ಆ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವರು ಫಾವಿಯೊ ಚಾವೆಸ್. ವಾದ್ಯ ಮಾಡಿಕೊಟ್ಟದ್ದು ನಿಕೋಲಾಸ್ ಗೋಮೆಸ್, ಕಸ ಆಯುತ್ತಿದ್ದವರು.

ದೂರದ ಕಥೆ ಬೇಡ ಅಂದರೆ ಬಳ್ಳಾರಿಗೆ ಬನ್ನಿ. ಸಂಗನಕಲ್ಲು, ಕಪ್ಪಗಲ್ಲು ಗುಡ್ಡದಲ್ಲಿ ಹೊಸ ಶಿಲಾಯುಗದ ಜನ ಬದುಕಿದ್ದರು. ಅಲ್ಲಿನ ಕರಿ ಡಾಲರೈಟ್ ಬಂಡೆಗಳಲ್ಲಿ ಕೆಲವನ್ನು ಇನ್ನೊಂದು ಕಲ್ಲಿನಿಂದ ತಟ್ಟಿದರೆ ಜಾಗಟೆಯ ಹಾಗೆ ನುಡಿಯುತ್ತವೆ. ತಟ್ಟಿ ತಟ್ಟಿ ಆದ ನುಣುಪಾದ ಗುಳಿಗಳೂ ಇವೆ. ಪುರಾತತ್ವ ಸಂಶೋಧಕಿ ನಿಕೋಲ್ ಬಾಯ್ವಿನ್ 2004ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಹೊರಗಿನವರ ಗಮನಕ್ಕೂ ಬಂತು. ಅಲ್ಲಿ ಕಲ್ಲು ಕೊಡಲಿ ತಯಾರಿಸುತ್ತಿದ್ದ ಜಾಗವೂ ಇದೆ. ನನ್ನ ಊಹೆ ಇಷ್ಟೇ. ದಿನವಿಡೀ ಕಲ್ಲು ಕುಟ್ಟುವ ಕೈಗೆ ಯಾವ ಕಲ್ಲು ನುಡಿಯುತ್ತದೆ, ಯಾವುದು ಮೂಕ ಅಂತ ಗೊತ್ತಾಗದೆ ಇರುತ್ತದೆಯೇ? ಅಲ್ಲೂ ನುಡಿಯುವುದು ಪೂರ್ತಿ ನೆಲದಲ್ಲಿ ಹೂತ ಬಂಡೆಯಲ್ಲ, ಒಂದೆರಡು ಕಡೆ ಮಾತ್ರ ಊರಿ ಕೂತ ಬಂಡೆ. ಮಕ್ಕಳನ್ನು ಕರೆದುಕೊಂಡು ಹೋದರೆ ಬಂಡೆಗಳಿಗೆ ಸುತ್ತಿಗೆ ಹಾಕಲು ಬಿಡಬೇಡಿ. ಹಂಪಿಯ ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳನ್ನು ಈಗ ಮುಟ್ಟುವಂತಿಲ್ಲ. ಬಂದವರೆಲ್ಲ ತಟ್ಟಿದ್ದಕ್ಕೇ ಆ ಗತಿ ಬಂತು.

ಈಗ ನಿಮ್ಮ ಎರಡನೇ ಪ್ರಶ್ನೆ. ಸೌಂಡ್ ಆರ್ಟ್ ಅಂದರೆ ಸ್ವರ, ತಾಳದ ಹಂಗಿಲ್ಲದೆ ಸದ್ದನ್ನೇ ಸದ್ದಾಗಿ ಕೇಳಿಸುವ ಕಲೆ. 1948ರಲ್ಲಿ ಪ್ಯಾರಿಸ್ಸಿನ ರೇಡಿಯೊ ಇಂಜಿನಿಯರ್ ಪಿಯರ್ ಶೆಫರ್ ರೈಲು ನಿಲ್ದಾಣಕ್ಕೆ ಹೋಗಿ ಇಂಜಿನ್, ಗಾಲಿ, ಸೀಟಿಗಳ ಸದ್ದನ್ನು ಮುದ್ರಿಸಿಕೊಂಡ. ಅದನ್ನು ತುಂಡು ಮಾಡಿ, ಜೋಡಿಸಿ, ರೇಡಿಯೊದಲ್ಲಿ ಕೇಳಿಸಿದ. ಅದಕ್ಕೂ ಮೊದಲು, 1940ರ ಸುಮಾರಿಗೆ, ಅಮೆರಿಕದ ಜಾನ್ ಕೇಜ್‌ಗೆ ನೃತ್ಯವೊಂದಕ್ಕೆ ತಾಳವಾದ್ಯಗಳ ತಂಡ ಬೇಕಿತ್ತು. ವೇದಿಕೆ ಚಿಕ್ಕದು, ಒಂದು ಪಿಯಾನೊ ಬಿಟ್ಟರೆ ಬೇರೆ ಏನೂ ಹಿಡಿಯದು. ಪಿಯಾನೊದ ತಂತಿಗಳ ನಡುವೆ ಸ್ಕ್ರೂ, ಬೋಲ್ಟು ಸಿಕ್ಕಿಸಿದ. ಒಂದೇ ಪಿಯಾನೊ ಇಡೀ ತಾಳವಾದ್ಯ ಮೇಳವಾಯಿತು. ಇಕ್ಕಟ್ಟೇ ಅವನಿಗೆ ದಾರಿ ತೋರಿಸಿತು. ನಿಮ್ಮ ಸಾವಿರ ರೂಪಾಯಿಯೂ ಅಂಥದ್ದೇ ಇಕ್ಕಟ್ಟು ಅಂದುಕೊಳ್ಳಿ.

ಗದ್ದಲಕ್ಕೂ ಅದಕ್ಕೂ ಇರುವ ವ್ಯತ್ಯಾಸ ನನ್ನ ಪ್ರಕಾರ ಇಷ್ಟು. ಗದ್ದಲ ಮಾಡುವವನು ತನ್ನ ಸದ್ದನ್ನು ತಾನೇ ಕೇಳಿಸಿಕೊಂಡಿರುವುದಿಲ್ಲ. ಇದನ್ನು ಒಪ್ಪದವರಿದ್ದಾರೆ, ಇರಲಿ. ನನ್ನ ಶಿಬಿರಗಳಲ್ಲಿ ಮೊದಲ ದಿನ ಯಾರಿಗೂ ಏನನ್ನೂ ಬಡಿಯಲು ಬಿಡುವುದಿಲ್ಲ. ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು, ಕೇಳಿದ್ದನ್ನೆಲ್ಲ ಪಟ್ಟಿ ಮಾಡಬೇಕು. ಮೊದಲು ‘ಬಸ್ಸು, ಕಾಗೆ, ಮೋಟರು’ ಅಂತ ಬರೆಯುತ್ತಾರೆ. ಮೂರನೇ ಸಲಕ್ಕೆ ‘ಬಸ್ಸಿನ ಬಾಗಿಲು ಸರಿಯಾಗಿ ಹಾಕಿಲ್ಲ’, ‘ಹಿಟ್ಟಿನ ಗಿರಣಿಯಲ್ಲಿ ಈಗ ರಾಗಿ ಮುಗಿಯಿತು’ ಅಂತ ಬರೆಯುತ್ತಾರೆ. ಗಿರಣಿಯ ಬೆಲ್ಟು ಖಾಲಿ ಓಡುವ ಸದ್ದು ಬೇರೆ ಅಂತ ಹುಡುಗನೊಬ್ಬ ನನಗೇ ಹೇಳಿಕೊಟ್ಟ.

ಆಮೇಲೆ ಪಿಯೆಜೊ. ಸಂಗೀತ ಬರುವ ಶುಭಾಶಯ ಪತ್ರ, ಮುರಿದ ಆಟಿಕೆ, ಅಲಾರಾಂ ಗಡಿಯಾರದೊಳಗೆ ಹಿತ್ತಾಳೆಯ ತೆಳು ಬಿಲ್ಲೆಯೊಂದು ಇರುತ್ತದೆ, ಅದೇ ಪಿಯೆಜೊ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹೊಸದಕ್ಕೂ ಹತ್ತಿಪ್ಪತ್ತು ರೂಪಾಯಿ. ಕರೆಂಟು ಕೊಟ್ಟರೆ ಕಿರುಚುತ್ತದೆ, ನಡುಗಿಸಿದರೆ ಕರೆಂಟು ಕೊಡುತ್ತದೆ. ಎರಡು ತಂತಿ ಬೆಸುಗೆ ಹಾಕಿ, ಪಿನ್ನು ಜೋಡಿಸಿ, ಬ್ಯಾಟರಿಯಲ್ಲಿ ಓಡುವ ಸ್ಪೀಕರಿನ ಮೈಕ್ ಜಾಗಕ್ಕೆ ಸಿಕ್ಕಿಸಿದರೆ ಇದು ಮುಟ್ಟಿ ಕೇಳುವ ಮೈಕು. ಗಾಳಿಯ ಸದ್ದು ಇದಕ್ಕೆ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಅಂಟಿಸಿದ ವಸ್ತುವಿನ ಒಳಗಿನ ನಡುಕ ಕೇಳಿಸುತ್ತದೆ. ಕಿಟಕಿಯ ಸರಳಿಗೆ ಅಂಟಿಸಿ ಬೆರಳಿಂದ ಕೆರೆದು ನೋಡಿ. ತಂತಿ ಬೇಲಿಗೆ ಕಟ್ಟಿ ಗಾಳಿ ಬೀಸಲು ಕಾಯಿರಿ. ಬೋರ್‌ವೆಲ್ ಕೈಪಂಪಿಗೆ ಅಂಟಿಸಿ ಪಂಪ್ ಮಾಡಿ, ನೆಲದೊಳಗಿಂದ ಯಾರೋ ಉಸಿರಾಡುತ್ತಾ ಮೇಲೆ ಬರುತ್ತಿರುವ ಹಾಗಿರುತ್ತದೆ. ‘ಗುಯ್’ ಅನ್ನುವ ಸದ್ದು ಬಂದರೆ ತಂತಿ ಉದ್ದವಾಯಿತು ಅಂತ ಅರ್ಥ. ಗಿಡ್ಡ ಮಾಡಿ, ಮೇಲೆ ಜಾಲರಿ ಹೊದಿಕೆ ಇರುವ ತಂತಿಯನ್ನೇ ಬಳಸಿ.

ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಳ ಒಂದಿರಲಿ, ಜೊತೆಗೆ ಒಂದು ತರಗತಿಯನ್ನು ಕತ್ತಲು ಮಾಡಿ. ಚಾವಣಿಯಿಂದ ದಾರ ಕಟ್ಟಿ ಚಮಚ, ಕೊಡದ ಚೂರು, ಸೈಕಲ್ ಗಾಲಿ ಇಳಿಬಿಡಿ. ಬಂದವರು ಅದರ ನಡುವೆ ನಡೆದು ಹೋಗಲಿ. ಅವರೇ ಬಾರಿಸಿದ ಹಾಗಾಗುತ್ತದೆ. ಒಂದು ಸಲಕ್ಕೆ ಆರು ಜನರಿಗಿಂತ ಹೆಚ್ಚು ಬಿಡಬೇಡಿ.

ಕೆಲವು ವಸ್ತುಗಳನ್ನು ಮಾತ್ರ ಶಾಲೆಯೊಳಗೆ ಬಿಡಲೇಬೇಡಿ. ಕೀಟನಾಶಕದ ಡಬ್ಬ ಎಷ್ಟು ತೊಳೆದರೂ ಬೇಡ. ಚೆನ್ನಾಗಿ ನುಡಿಯುವ ತಗಡಿನ ಡಬ್ಬ ಅದೇ ಆಗಿರುತ್ತದೆ, ಹುಡುಗರು ತಂದೇ ತರುತ್ತಾರೆ. ಕಲ್ನಾರಿನ ಸಿಮೆಂಟ್ ಶೀಟನ್ನು ಕತ್ತರಿಸಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ವಿಷ. ವಾಹನದ ಬ್ಯಾಟರಿ ಒಡೆಯಬೇಡಿ, ಹಳೆ ಟಿವಿ ಬಿಚ್ಚಬೇಡಿ. ಪಿವಿಸಿ ಪೈಪನ್ನು ಬೆಂಕಿಗೆ ಹಿಡಿದು ಬಗ್ಗಿಸಬೇಡಿ, ಆ ಹೊಗೆ ಕೆಟ್ಟದ್ದು. ಮನೆಯ ಕರೆಂಟಿಗೆ ಸಿಕ್ಕಿಸುವ ಯಾವುದಕ್ಕೂ ಪಿಯೆಜೊ ಜೋಡಿಸುವುದು ಬೇಡ, ಬ್ಯಾಟರಿ 9 ವೋಲ್ಟಿನದ್ದು ಸಾಕು. ಕತ್ತರಿಸಿದ ತಗಡಿನ ಅಂಚನ್ನೆಲ್ಲ ಉಜ್ಜಿ, ಟೇಪ್ ಸುತ್ತಿ. ಹಳಿ ಬಡಿಯುವ ಹುಡುಗನ ಕಿವಿಗೆ ಹತ್ತಿ ಇರಲಿ.

ಕೊನೆಗೆ ಒಂದು ಕೆಲಸ ನಿಮಗೆ. ಸ ಯಾವುದು ಅಂತ ಹಾರ್ಮೋನಿಯಂ ಹುಡುಕಿಕೊಂಡು ಹೋಗಬೇಡಿ. ನಿಮ್ಮ ಹಳಿಯೇ ಸ ಆಗಲಿ. ಅದನ್ನು ಒಂದು ಸಲ ಬಡಿದು ಸುಮ್ಮನೆ ನಿಲ್ಲಿ. ಮೊದಲು ನಾಲ್ಕೈದು ಸ್ವರ ಒಟ್ಟಿಗೆ ಕೇಳುತ್ತವೆ, ಒಂದೊಂದಾಗಿ ಆರುತ್ತವೆ. ಎಲ್ಲ ಆರಿದ ಮೇಲೂ ಉಳಿಯುವುದು ಯಾವುದೋ ಅದನ್ನು ಟ್ಯೂನರಿನಲ್ಲಿ ನೋಡಿ. ಮೊದಲ ಪೈಪನ್ನು 50 ಸೆಂಟಿಮೀಟರಿಗೇ ಕತ್ತರಿಸಬೇಡಿ. ಉದ್ದ ಬಿಟ್ಟು, ಆ ಸ್ವರಕ್ಕೋ ಅದರ ಸ್ಥಾಯಿಗೋ ಕೂಡುವವರೆಗೆ ಸ್ವಲ್ಪ ಸ್ವಲ್ಪವೇ ಉಜ್ಜುತ್ತಾ ಬನ್ನಿ. ಕೂಡಿದ ಉದ್ದವನ್ನು 0.943, 0.894, 0.816, 0.775, 0.707ರಿಂದ ಗುಣಿಸಿದರೆ ಉಳಿದ ಐದು ಪೈಪು. ಚಪ್ಪಲಿ ಪೈಪುಗಳಿಗಾದರೆ 0.889, 0.8, 0.667, 0.6, 0.5. ಮೊದಲು 4 ಸೆಂಟಿಮೀಟರ್ ಕೂಡಿಸಿ, ಗುಣಿಸಿ, ಆಮೇಲೆ 4 ಕಳೆಯಿರಿ. ಲೆಕ್ಕ ಎಲ್ಲಾದರೂ ಸಿಕ್ಕಿಕೊಂಡರೆ ಹಳಿಯ ಸ್ವರ ಮತ್ತು ಮೊದಲ ಪೈಪಿನ ಉದ್ದ, ದಪ್ಪ ಬರೆದು ಕಳಿಸಿ, ಉಳಿದದ್ದನ್ನು ನಾನು ಹಾಕಿ ಕೊಡುತ್ತೇನೆ.